ಗಾಜಿಲ್ಲದ ಮೀನುಮನೆ

ತೀರ್ಥಹಳ್ಳಿ ತಾಲ್ಲೂಕಿನ ಛಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕನ ಗುಡಿಯ ಗಂಟೆಗಿಂತ ಮುಂಚೆ ತುಂಗೆಯ ಸದ್ದು ಕಿವಿಗೆ ಬೀಳುತ್ತದೆ. ಹೊಳೆಯಂಚಿಗೆ ಇಳಿದು ನಿಂತರೆ ಒದ್ದೆ ಕಲ್ಲು, ಪಾಚಿ, ಕರ್ಪೂರ ಎಲ್ಲದರ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತದೆ. ಮಳೆ ಕಳೆದು ಹೊಳೆ ತಿಳಿಯಾದ ದಿನಗಳಲ್ಲಿ ತಳದ ಬಂಡೆಗಳೂ ಕಾಣುತ್ತವೆ. ಅವುಗಳಲ್ಲಿ ಕೆಲವು ಮೆಲ್ಲಗೆ ಜರುಗಿದಾಗಲೇ ಅವು ಮೀನುಗಳೆಂದು ಗೊತ್ತಾಗುವುದು. ಪಕ್ಕದಲ್ಲಿ ನಿಂತವರು ಒಂದು ಹಿಡಿ ಮಂಡಕ್ಕಿ ಎಸೆದರೆ ಸಾಕು, ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬಂದು, ದಪ್ಪ ತುಟಿಗಳು ಚಪ್ ಚಪ್ ಎಂದು ಅಷ್ಟನ್ನೂ ಬಾಚಿಕೊಳ್ಳುತ್ತವೆ. ಮಕ್ಕಳು ಕಿರುಚಿದರೂ ಅವಕ್ಕೆ ಹೆದರಿಕೆಯಿಲ್ಲ.

ಹೆದರಿಕೆಯಾದರೂ ಯಾಕೆ? ಇಲ್ಲಿ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ಇವು ದೇವರ ಮೀನುಗಳು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮೊದಲ ಮಳೆ ಸುರಿದ ರಾತ್ರಿ ಟಾರ್ಚು, ಕೂಳಿ ಹಿಡಿದು ಗದ್ದೆಯ ಹಾದಿ ಹಿಡಿಯುವ, ಹೊಸನೀರಿಗೆ ಗದ್ದೆಗೆ ಹತ್ತಿ ಬರುವ ಹತ್ತುಮೀನಿನ ಸಾರಿಗೆ ಬಾಯಿ ಚಪ್ಪರಿಸುವ ಜನವೇ ಈ ಮಡುವಿನ ಮುಂದೆ ಬರಿಗೈಯಲ್ಲಿ ನಿಲ್ಲುತ್ತಾರೆ.

ಹೊಳೆಯ ಈ ಮಡು ಗಾಜಿಲ್ಲದ ಮೀನುಮನೆ; ಪಟ್ಟಣದ ಮನೆಗಳಲ್ಲಿ ಗಾಜಿನೊಳಗೆ ಕಡಲ ಅಕ್ವೇರಿಯಂ ಇಟ್ಟವರ ಪಾಡು ಬೇರೆ. ಮೈತುಂಬ ಮುಳ್ಳಿರುವ ಒಂದು ಸೀ ಅರ್ಚಿನ್ ಬದುಕಿರಬೇಕೆಂದರೂ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಹದ ತಪ್ಪಬಾರದು. ನೀರು ಆರಿದಷ್ಟು ಸಿಹಿನೀರು ತುಂಬಬೇಕು, ಪಂಪು ಹಗಲಿರುಳು ಗುಂಯ್‌ಗುಡುತ್ತಿರಬೇಕು. ಐದು ಹಲ್ಲುಗಳಿಂದ ಕಲ್ಲಿನ ಪಾಚಿ ಕೆರೆದು ತಿನ್ನುವ ಆ ಜೀವಿ, ಹದ ಕೆಟ್ಟರೆ ಮುಳ್ಳುದುರಿಸಿಕೊಂಡು ಸೊರಗುತ್ತದೆ. ಛಿಬ್ಬಲಗುಡ್ಡೆಯಲ್ಲಿ ಪಂಪಿನ ಕೆಲಸ ಹೊಳೆಯದು, ನೀರೊಳಗಿನ ಸೊಪ್ಪು ಮೇಯುವ ಕೆಲಸ ಹರಗಿ ಮೀನಿನದು. ಜೊತೆಗಿರುವ ಮಹಸೀರ್ ಮೀನಿಗೆ ಹರಿಯುವ, ಆಮ್ಲಜನಕ ತುಂಬಿದ ತಿಳಿನೀರೇ ಬೇಕು, ಅದೂ ತುಂಗೆಯಲ್ಲಿದೆ. ಮನುಷ್ಯರ ಪಾಲಿಗೆ ಉಳಿದಿರುವುದು ಸುಮ್ಮನಿರುವ ಕೆಲಸವೊಂದೇ.

ಅದೂ ಸುಲಭವಲ್ಲ. ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಕ್ಕಿದ್ದರಿಂದ ಸಾವಿರಾರು ಮೀನುಗಳು ಸತ್ತು ತೇಲಿದವು. ಊರವರು ಅವಕ್ಕೊಂದು ಸ್ಮಾರಕ ಕಟ್ಟಿಸಿದರು, ಉಳಿದವನ್ನು ಇನ್ನಷ್ಟು ಎಚ್ಚರದಿಂದ ಕಾಯ್ದರು.

ಛಿಬ್ಬಲಗುಡ್ಡೆಯಲ್ಲೂ ಮಂಡಕ್ಕಿ ಖಾಲಿಯಾದ ಮೇಲೆ ಪ್ಲಾಸ್ಟಿಕ್ ಕೊಟ್ಟೆಯನ್ನು ಕಿಸೆಗೆ ಹಾಕಿಕೊಂಡು ಹೊರಡುವವರೂ ಕಾವಲುಗಾರರೇ. ಮಳೆಗಾಲಕ್ಕೆ ಮಹಸೀರ್ ಮೊಟ್ಟೆಯಿಡಲು ಸೆಳವಿಗೆದುರಾಗಿ ಮೇಲಕ್ಕೆ ಈಜುತ್ತದೆ. ಗುಡಿಯ ಎಲ್ಲೆ ಎಲ್ಲಿ ಮುಗಿಯಿತೆಂದು ಅದಕ್ಕೆ ತಿಳಿಯದು. ಅಲ್ಲಿಂದಾಚೆ ಅದನ್ನು ಉಳಿಸಬೇಕಾದವರು ಆಚೆ ದಡದ, ಮೇಲಿನ ಊರುಗಳ ಜನ.