ಒಲೆಯ ಉಸಿರು

ನಾವು ಮಠದಲ್ಲಿದ್ದು ಓದುತ್ತಿದ್ದ ಬಾಲ್ಯಕಾಲದಲ್ಲಿ ಬೆಳಗಿನ ಮೊದಲ ಕೆಲಸ ಪುಸ್ತಕ ತೆರೆಯುವುದಾಗಿರಲಿಲ್ಲ. ದಾಸೋಹದ ಅಡುಗೆಮನೆಯ ಒಲೆಗಳಿಂದ ಹಿಂದಿನ ದಿನದ ಬೂದಿಯನ್ನು ತೆಗೆಯುವುದಾಗಿತ್ತು. ಒಂದು ದಿನ ಅವಸರದಲ್ಲಿ ಮೇಲುಮೇಲಿನ ಬೂದಿಯನ್ನಷ್ಟೇ ಬಳಿದು, ಒಲೆಯ ಮುಂಭಾಗವನ್ನು ಅಂದವಾಗಿ ಸಾರಿಸಿ ಎದ್ದುಬಿಟ್ಟೆವು. ಕಟ್ಟಿಗೆಯಿಟ್ಟು ಉರಿ ಹಚ್ಚಿದಾಗ ಬೆಂಕಿ ಏಳಲಿಲ್ಲ; ಅಡುಗೆಮನೆಯೆಲ್ಲ ಹೊಗೆಯಾಯಿತು. ಅಡುಗೆಯ ಹಿರಿಯರು ಬಯ್ಯಲಿಲ್ಲ. "ಒಲಿಗೆ ಉಸಿರಾಡಾಕ ದಾರಿ ಬೇಕಪಾ ತಮ್ಮಾ. ತಳದಾಗ ಬೂದಿ ತುಂಬಿದ್ರ ಅದು ಉರಿ ಕೊಡೂದಿಲ್ಲ, ಹೊಗಿ ಕೊಡತದ" ಎಂದಷ್ಟೇ ಹೇಳಿ, ತಾವೇ ಬಗ್ಗಿ ತಳದ ಬೂದಿಯನ್ನು ತೆಗೆದರು.

ಆ ಮಾತಿನ ಬೆಲೆ ನಮಗೆ ಪೂರ್ಣವಾಗಿ ತಿಳಿದದ್ದು ಬಹಳ ವರ್ಷಗಳ ಮೇಲೆ, ನಮ್ಮ ಮನೆಯ ಗ್ಯಾಸ್ ಒಲೆಯ ಮುಂದೆ. ಒಂದು ಮಳೆಗಾಲದಲ್ಲಿ ಮನೆಯ ಪಾತ್ರೆಗಳ ತಳವೆಲ್ಲ ಕಪ್ಪಾಗತೊಡಗಿತು. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ, ಉದ್ದವಾಗಿ, ಸೋಮಾರಿಯಂತೆ ತೂಗಾಡುತ್ತಿತ್ತು. ಸಿಲಿಂಡರಿನಲ್ಲಿ ದೋಷವಿರಬಹುದೆಂದು ಬಗೆದು ಬೇರೊಂದನ್ನು ತರಿಸಿದೆವು, ಉರಿ ಬದಲಾಗಲಿಲ್ಲ. ಇರಚಲು ಹೊಡೆಯುತ್ತದೆಂದು ಅಡುಗೆಮನೆಯ ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದೆವು. ಮನೆಯ ಸೊಸೆ ಅಡುಗೆ ಮುಗಿಸಿ ಬರುವಾಗ ತಲೆನೋವೆನ್ನುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ಗಾಳಿಗೆ ಕುಳಿತರೆ ಕಡಿಮೆಯಾಗುತ್ತಿತ್ತು. ಹಿರಿಯರೆನಿಸಿಕೊಂಡ ನಾವು ಶುಂಠಿಯ ಕಷಾಯ ಕುಡಿಯಲು ಹೇಳಿ ಸುಮ್ಮನಾದೆವು. ಕಡೆಗೆ ಒಲೆ ದುರಸ್ತಿ ಮಾಡುವವನು ಬಂದು ಬರ್ನರನ್ನು ಎತ್ತಿ, ಅದರ ಕೆಳಗಿನ ಕೊಳವೆಯೊಳಗಿಂದ ಜೇಡರ ಬಲೆಯನ್ನೂ ಹಿಟ್ಟಿನ ಗಂಟನ್ನೂ ಹೊರತೆಗೆದನು. ಉರಿ ಅಂದೇ ನೀಲಿಯಾಯಿತು. ಕಿಟಕಿಯನ್ನೂ ತೆರೆದೆವು. ಸೊಸೆ ಮರಳಿ ತಲೆನೋವಿನ ಮಾತೆತ್ತಲಿಲ್ಲ.

ಆ ಒಲೆಯ ಮೇಲ್ಭಾಗವನ್ನು ಅವಳು ದಿನಕ್ಕೆ ಎರಡು ಸಲ ಕನ್ನಡಿಯಂತೆ ಒರೆಸುತ್ತಿದ್ದಳು. ಕಣ್ಣಿಗೆ ಕಾಣುವ ಶುಚಿಗೆ ಕೊರತೆಯಿರಲಿಲ್ಲ; ಮುಚ್ಚಿಕೊಂಡಿದ್ದುದು ಕಾಣದ ಉಸಿರಿನ ದಾರಿ. ಒಲೆಯನ್ನು ಶುಚಿಗೊಳಿಸುವುದೆಂದರೆ ಹೊಳಪು ಕೊಡುವುದಲ್ಲ, ಗಾಳಿಗೆ ದಾರಿ ಬಿಡುವುದು ಎಂಬುದನ್ನು ತಿಳಿಸಲೆಂದೇ ಈ ಲೇಖನ.

ಉರಿಯ ಬಣ್ಣ ಹೇಳುವುದೇನು?

ಅಡುಗೆ ಅನಿಲವು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒಂದು ಪಾಲು ಪ್ರೊಪೇನ್ ಪೂರ್ತಿಯಾಗಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಬ್ಯುಟೇನಿಗೆ ಸುಮಾರು 31 ಪಾಲು. ಇದರಲ್ಲಿ ಒಂದಂಶವು ಉರಿಯುವ ಮೊದಲೇ ಕೊಳವೆಯೊಳಗೆ ಅನಿಲದೊಡನೆ ಬೆರೆಯುತ್ತದೆ. ಉಳಿದುದನ್ನು ಉರಿಯು ತನ್ನ ಸುತ್ತಲಿನಿಂದ ಎಳೆದುಕೊಳ್ಳುತ್ತದೆ. ಗಾಳಿಯನ್ನು ಮೊದಲೇ ಬೆರೆಸಿ ಹೊಗೆಯಿಲ್ಲದ ಬಿಸಿಯುರಿ ಪಡೆಯುವ ಈ ಉಪಾಯವನ್ನು 1855ರ ಸುಮಾರಿಗೆ ಜರ್ಮನಿಯ ಹೈಡೆಲ್ಬರ್ಗಿನಲ್ಲಿ ರಸಾಯನಶಾಸ್ತ್ರಜ್ಞ ರಾಬರ್ಟ್ ಬುನ್ಸೆನ್ ತಮ್ಮ ಪ್ರಯೋಗಾಲಯದ ದೀಪದಲ್ಲಿ ಬಳಕೆಗೆ ತಂದರು. ನಮ್ಮ ಮನೆಮನೆಯ ಗ್ಯಾಸ್ ಒಲೆ ಅದೇ ತತ್ತ್ವದ ಮೇಲೆ ನಡೆಯುತ್ತದೆ.

ಗಾಳಿ ಸಾಲದೆ ಹೋದರೆ ಅನಿಲವು ಅರ್ಧಂಬರ್ಧ ಉರಿಯುತ್ತದೆ. ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಬೆಳಗುತ್ತವೆ. ಪಾತ್ರೆಯ ತಳಕ್ಕೆ ತಗುಲಿ ಮಸಿಯಾಗುತ್ತವೆ. ಜೊತೆಯಲ್ಲಿಯೇ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಮೊದಲು ತಲೆನೋವು, ತಲೆಸುತ್ತು, ವಾಕರಿಕೆ ತೋರುತ್ತವೆ. ಹೆಚ್ಚಾದರೆ ಪ್ರಾಣಕ್ಕೇ ಎರವಾಗುತ್ತದೆ. ಆದಕಾರಣ ಹಳದಿ ಉರಿಯನ್ನು ಕೇವಲ ಗ್ಯಾಸಿನ ನಷ್ಟವೆಂದು ಬಗೆಯಬಾರದು.

ಒಂದು ಭೇದವನ್ನು ಮಾತ್ರ ತಿಳಿದಿರಬೇಕು. ಸಾರು ಉಕ್ಕಿದಾಗ ಉರಿಯಲ್ಲಿ ಕ್ಷಣಕಾಲ ಹಳದಿ ಮಿಂಚು ಕಾಣುವುದುಂಟು. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬಣ್ಣ, ಅದರಿಂದ ಭಯವಿಲ್ಲ. ಏನೂ ಉಕ್ಕದಿದ್ದಾಗಲೂ ಹಳದಿ ನಿಂತೇ ಇದ್ದರೆ, ಒಲೆಯ ಉಸಿರು ಕಟ್ಟಿದೆಯೆಂದು ತಿಳಿಯಬೇಕು.

ವಾರಕ್ಕೊಮ್ಮೆ ಮಾಡಬೇಕಾದುದು

ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ಬರ್ನರಿನ ರಂಧ್ರಗಳು ಬೇಗನೆ ಮುಚ್ಚುತ್ತವೆ. ರೊಟ್ಟಿಯನ್ನು ಹಂಚಿನಿಂದೆತ್ತಿ ನೇರವಾಗಿ ಉರಿಗೆ ಹಿಡಿದಾಗ ಹಿಟ್ಟು ಉದುರುತ್ತದೆ, ಬದನೆಕಾಯಿ ಸುಟ್ಟಾಗ ರಸ ತೊಟ್ಟಿಕ್ಕುತ್ತದೆ, ಹಾಲು ಉಕ್ಕುತ್ತದೆ. ಇವೆಲ್ಲ ಕಾದು ಕಲ್ಲಿನಂತೆ ಗಟ್ಟಿಯಾಗುತ್ತವೆ. ಆದ್ದರಿಂದ ವಾರಕ್ಕೊಂದು ದಿನವನ್ನು ಈ ಕೆಲಸಕ್ಕೆಂದು ಗೊತ್ತುಮಾಡಿಕೊಳ್ಳುವುದು ಒಳಿತು.

ಮೊದಲು ರೆಗ್ಯುಲೇಟರನ್ನು ಬಂದ್ ಮಾಡಿ, ಒಲೆ ಪೂರ್ತಿ ತಣ್ಣಗಾಗಲು ಬಿಡಬೇಕು. ಗಾಜಿನ ಮೇಲ್ಭಾಗವುಳ್ಳ ಒಲೆಯಾದರೆ ಬಿಸಿಯಿರುವಾಗ ತಣ್ಣೀರು ತಾಗಿಸಲೇಬಾರದು, ಗಾಜು ಸಿಡಿಯಬಹುದು. ಬಳಿಕ ಬರ್ನರುಗಳನ್ನು ಎತ್ತಿ, ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಿಡಬೇಕು. ಹಿತ್ತಾಳೆಯ ಬರ್ನರಾದರೆ ನಮ್ಮ ಅಜ್ಜಿಯರು ತಂಬಿಗೆ ಬೆಳಗುತ್ತಿದ್ದ ಹುಣಸೆಹಣ್ಣೇ ಸಾಕು. ಅದರ ಹುಳಿಯು ಲೋಹದ ಕಿಲುಬನ್ನು ಕರಗಿಸುತ್ತದೆ. ಅಲ್ಯುಮಿನಿಯಮ್ಮಿನ ಭಾಗಗಳಿಗೆ ಬಟ್ಟೆ ಒಗೆಯುವ ಸೋಡಾ ಹಾಕಬಾರದು. ಅದು ಲೋಹವನ್ನೇ ತಿನ್ನುತ್ತದೆ.

ನೆನೆದ ಮೇಲೆ ಒಂದೊಂದು ರಂಧ್ರವನ್ನೂ ಗುಂಡುಸೂಜಿಯಿಂದ ಬಿಡಿಸಬೇಕು. ಕಸಬರಿಗೆಯ ಕಡ್ಡಿ ಬೇಡ. ಮುರಿದು ಒಳಗೇ ಉಳಿಯುತ್ತದೆ. ತೊಳೆದು, ಕೊಡವಿ, ಬೋರಲಾಗಿಟ್ಟು ಪೂರ್ತಿ ಒಣಗಿಸಬೇಕು. ಒಳಗೆ ನೀರುಳಿದರೆ ಉರಿ ಒಂದೆಡೆ ಎದ್ದು ಒಂದೆಡೆ ಆರುತ್ತದೆ. ಬರ್ನರು ಒಣಗುವಷ್ಟರಲ್ಲಿ ಅದರ ಕೆಳಗಿನ ಕೊಳವೆಯನ್ನು ಬಾಟಲಿ ತೊಳೆಯುವ ಒಣ ಬ್ರಶ್ಶಿನಿಂದ ಒಳಗೆ ತಿರುವಿ ಶುಚಿಗೊಳಿಸಬಹುದು. ಊರಿಗೆ ಹೋಗಿ ಬಹುದಿನಗಳ ಮೇಲೆ ಮರಳಿದಾಗ ಇದನ್ನು ಮರೆಯಲಾಗದು. ಬಳಸದ ಕೊಳವೆ ಜೇಡನಿಗೆ ಸಿದ್ಧವಾದ ಮನೆ.

ಮುಟ್ಟಬಾರದ ಎರಡು ಭಾಗಗಳಿವೆ. ಅನಿಲವು ಹೊರಬರುವ ಚಿಕ್ಕ ಹಿತ್ತಾಳೆಯ ಮೂತಿಗೆ ಸೂಜಿ ಚುಚ್ಚಬಾರದು. ಅದರ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಅನಿಲ ಹೆಚ್ಚಾಗಿ ಬಂದು, ಅದಕ್ಕೆ ತಕ್ಕ ಗಾಳಿ ದೊರೆಯದೆ ಉರಿ ಮತ್ತೆ ಹಳದಿಯಾಗುತ್ತದೆ. ಎರಡನೆಯದು, ತಿರುಗಿಸುವ ನಾಬು. ಅದು ಬಿಗಿಯಾಯಿತೆಂದು ಅಡುಗೆಯೆಣ್ಣೆ ಬಿಡಬಾರದು. ಎಣ್ಣೆ ಕಾದು ಅಂಟಾಗಿ ಇನ್ನಷ್ಟು ಬಿಗಿಯುತ್ತದೆ. ಇವೆರಡನ್ನೂ ಬಲ್ಲವರಿಗೇ ಒಪ್ಪಿಸುವುದು ಕ್ಷೇಮ.

ಸುಡುವ ಜಾಲರಿ ಮತ್ತು ಕೆಂಡ

ಹಪ್ಪಳ, ಬದನೆಕಾಯಿ, ಮೆಕ್ಕೆಜೋಳದ ತೆನೆಗಳನ್ನು ಸುಡಲು ನಾವು ಉರಿಯ ಮೇಲಿಡುವ ತಂತಿಯ ಜಾಲರಿಯ ವಿಚಾರವಾಗಿಯೂ ಎರಡು ಮಾತು. ಅಮೆರಿಕದ ಮನೆಗಳ ಹಿತ್ತಲಿನಲ್ಲಿ ಬಾರ್ಬೆಕ್ಯೂ ಎಂಬ ಒಲೆಯಿದೆ. ಅದೂ ಇಂತಹದೇ, ಕೆಂಡ ಅಥವಾ ಗ್ಯಾಸಿನ ಮೇಲೆ ಕಬ್ಬಿಣದ ಸರಳುಗಳು. ಅಲ್ಲಿ ನೆಲೆಸಿದ ನಮ್ಮವರು ಆ ಸರಳುಗಳ ಮೇಲೆ ತೆನೆ, ದೊಣ್ಣೆಮೆಣಸಿನಕಾಯಿ ಸುಡುತ್ತಾರೆ. ಸರಳುಗಳಿಗಂಟಿದ ಕರಕನ್ನು ತೆಗೆಯಲು ತಂತಿಯ ಬ್ರಶ್ಶನ್ನು ಬಳಸುವುದು ಆ ನಾಡಿನ ರೂಢಿ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ 2011ರ ಮಾರ್ಚಿನಿಂದ 2012ರ ಜೂನಿನವರೆಗೆ ಆರು ಜನ, ಬ್ರಶ್ಶಿನಿಂದ ಕಳಚಿ ಆಹಾರಕ್ಕಂಟಿದ ತಂತಿಯ ಎಳೆಯನ್ನು ನುಂಗಿ ಆಸ್ಪತ್ರೆ ಸೇರಿದರೆಂದು ಆ ದೇಶದ ರೋಗನಿಯಂತ್ರಣ ಕೇಂದ್ರವು ವರದಿ ಮಾಡಿತು. ಕೆಲವರಿಗೆ ಅದು ಗಂಟಲಲ್ಲಿ, ಕೆಲವರಿಗೆ ಹೊಟ್ಟೆಯೊಳಗೆ ಚುಚ್ಚಿಕೊಂಡಿತ್ತು.

ನಮ್ಮ ಮನೆಗಳಲ್ಲಿ ಜಾಲರಿಯನ್ನು ಉಜ್ಜುವ ಉಕ್ಕಿನ ಜುಂಗಿನ ಎಳೆಗಳೂ ಹೀಗೆಯೇ ಉಳಿಯಬಲ್ಲವು. ಜಾಲರಿಯನ್ನು ಬಿಸಿನೀರಿನಲ್ಲಿ ನೆನೆಯಿಟ್ಟು ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಯಾವುದರಿಂದ ಉಜ್ಜಿದರೂ ಕಡೆಗೆ ಒದ್ದೆಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಳಸಬೇಕು. ತಂತಿ ಸಡಿಲಾದ ಜಾಲರಿಯ ಮೇಲೆ ಮಮತೆ ಬೇಡ.

ಕೆಂಡದ ಮಾತು ಬಂದುದರಿಂದ ಇದನ್ನೂ ಹೇಳಲೇಬೇಕು. ಬಾಣಂತಿಯ ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆಯಿಡುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಉಂಟು. ಹೊಗೆ ಆರಿದ ಕೆಂಪು ಕೆಂಡವೂ ಆ ವಿಷಾನಿಲವನ್ನು ಬಿಡುತ್ತಲೇ ಇರುತ್ತದೆ. ಹೊಗೆಯಿಲ್ಲವೆಂದು ಧೈರ್ಯಪಡುವಂತಿಲ್ಲ. ತಾಯಿ ಮತ್ತು ಹಸುಗೂಸು ಮಲಗುವ ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಬೆಚ್ಚನೆಯ ಬಟ್ಟೆ, ಬಿಸಿನೀರು ಇವೆ. ಹಿರಿಯರಾದ ನಾವೇ ಮುಂದಾಗಿ ಈ ಪದ್ಧತಿಯನ್ನು ಬಿಡಿಸಬೇಕು. ಮನೆಗೆ ಹೊಸದಾಗಿ ಬಂದ ಸೊಸೆ ಅತ್ತೆಯ ಮಾತಿಗೆ ಎದುರಾಡಲಾರಳು.

ನಳಿಕೆಯ ಆಯುಷ್ಯ

ಒಲೆಗೆ ಅನಿಲ ತರುವ ರಬ್ಬರಿನ ನಳಿಕೆಗೂ ಆಯುಷ್ಯವುಂಟು. ಒಳಗೆ ಉಕ್ಕಿನ ತಂತಿಯ ಹೆಣಿಗೆಯುಳ್ಳ ಕಿತ್ತಳೆ ಬಣ್ಣದ ಸುರಕ್ಷಾ ನಳಿಕೆಯನ್ನೂ 5 ವರ್ಷಗಳಿಗೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಅಷ್ಟು ದಿನವೂ ಕಾಯಬಾರದು. ಅದರ ಮೇಲೆ ಬಟ್ಟೆ ಸುತ್ತುವುದೂ ಸಲ್ಲದು, ಬಿರುಕು ಕಾಣದಂತಾಗುತ್ತದೆ. ಸೋರಿಕೆಯ ಸಂದೇಹ ಬಂದಾಗ ಸೋಪಿನ ನೊರೆಯನ್ನು ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರುತ್ತಿದೆಯೆಂದರ್ಥ. ಕಡ್ಡಿ ಗೀರಿ ಪರೀಕ್ಷಿಸುವುದು ಸಾವನ್ನು ಕರೆದಂತೆ.

ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದಾಗ ಅದು ಮೇಲೇರದೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಅದಕ್ಕೆ ತನ್ನದೇ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ಉರಿಯುತ್ತಿರುವ ದೀಪ, ಊದುಬತ್ತಿಗಳನ್ನೂ ಆರಿಸಿ, ರೆಗ್ಯುಲೇಟರನ್ನು ಬಂದ್ ಮಾಡಿ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ವಿದ್ಯುತ್ ಸ್ವಿಚ್ಚನ್ನು ಹಾಕುವುದೂ ಬೇಡ, ತೆಗೆಯುವುದೂ ಬೇಡ. ಮನೆಯಿಂದ ಹೊರಬಂದು 1906ಕ್ಕೆ ಕರೆ ಮಾಡಿದರೆ ಅಡುಗೆ ಅನಿಲದ ತುರ್ತು ಸಹಾಯ ದೊರೆಯುತ್ತದೆ. ಈ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಯಾರ ಕೆಲಸ?

ಇಷ್ಟನ್ನೂ ಓದಿದ ತಾಯಂದಿರು, "ಇದೂ ನಮ್ಮ ತಲೆಗೇ ಬಂತೇ?" ಎಂದು ಕೇಳಬಹುದು. ಕೇಳುವುದು ನ್ಯಾಯವೇ. ಆ ಮಳೆಗಾಲದ ನಂತರ ನಮ್ಮ ಮನೆಯಲ್ಲಿ ಬರ್ನರು ಬಿಡಿಸುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ. ಪ್ರತಿ ಭಾನುವಾರ ಮಧ್ಯಾಹ್ನ ಕನ್ನಡಕ ಹಾಕಿಕೊಂಡು, ಗುಂಡುಸೂಜಿ ಹಿಡಿದು, ಒಂದೊಂದೇ ರಂಧ್ರವನ್ನು ಬಿಡಿಸುತ್ತ ಕೂರುತ್ತೇವೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಗಳಲ್ಲಿ ಎಷ್ಟೋ ವರ್ಷ ಮಾತನಾಡಿದವರು ನಾವು. ಮನೆಯ ಒಲೆಯ ಮುಂದೆ ಬಗ್ಗಲು ಇಷ್ಟು ತಡವಾಯಿತಲ್ಲ ಎಂಬ ನಾಚಿಕೆ ಇದ್ದೇ ಇದೆ. ಮೊದಮೊದಲು ಸೊಸೆ ಸಂಕೋಚದಿಂದ, "ಬಿಡ್ರಿ ಮಾಮಾರ, ನಾ ಮಾಡತೇನಿ" ಎನ್ನುತ್ತಿದ್ದಳು. ಈಗ ಮೊಮ್ಮಗನೂ ಪಕ್ಕದಲ್ಲಿ ಕುಳಿತು, ಒಲೆ ಹಚ್ಚಿದೊಡನೆ, "ಅಜ್ಜಾ, ನೀಲಿ ಬಂತು" ಎಂದು ಕೂಗುತ್ತಾನೆ.

ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ನಮ್ಮ ಓದುಗ ಬಂಧುಗಳು ಒಮ್ಮೆ ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ಉರಿಯ ಬಣ್ಣವನ್ನು ನೋಡಲಿ. ನೀಲಿಯಾಗಿದ್ದರೆ ಸಂತೋಷ. ಹಳದಿಯಾಗಿದ್ದರೆ ಕಿಟಕಿಯನ್ನು ತೆರೆದು, ಒಲೆಯನ್ನು ಆರಿಸಿ, ಅಂದೇ ಬರ್ನರನ್ನು ಎತ್ತಿ ನೋಡಲಿ. ಮನೆಯಲ್ಲಿ ಯಾರಾದರೂ ಅಡುಗೆಮನೆಯಲ್ಲಿದ್ದಾಗ ತಲೆನೋವೆಂದರೆ ಕಷಾಯಕ್ಕೆ ಮೊದಲು ಒಲೆಯನ್ನು ಪರೀಕ್ಷಿಸಲಿ. ನೋವು ನಿಲ್ಲದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಲಿ. ಇದು ನಮ್ಮ ಸವಿನಯ ಬಿನ್ನಹ.