ಹಳೆಯ ಕಾರಿನ ಬಿಡಿಭಾಗಗಳು: ದೂರದ ಸಾಗಣೆಯಲ್ಲಿ ಮಿತವ್ಯಯದ ಮಾರ್ಗಗಳು

ನಾಶಿಕ ಮತ್ತು ಛತ್ರಪತಿ ಸಂಭಾಜಿನಗರ ಎರಡೂ ವಾಹನೋದ್ಯಮಕ್ಕೆ ಹೆಸರಾದ ನಗರಗಳು. ಸಾತಪುರ, ಅಂಬಡ, ವಾಳೂಜ, ಚಿಕಲಠಾಣಾ, ಶೇಂದ್ರಾ ಕೈಗಾರಿಕಾ ವಸಾಹತುಗಳಲ್ಲಿ ವಾಹನಗಳೂ ಅವುಗಳ ಬಿಡಿಭಾಗಗಳೂ ತಯಾರಾಗುತ್ತವೆ. ಆದರೂ ಇಲ್ಲಿ ನೆಲೆಸಿದ ನಮ್ಮವರ ಮನೆಯ ಹಳೆಯ ಕಾರಿಗೆ ಒಂದು ಬಾಗಿಲೋ ಗೇರ್‌ಬಾಕ್ಸೋ ಬೇಕಾದಾಗ ಊರೂರು ಹುಡುಕುವ ಪ್ರಸಂಗ ಬರುತ್ತದೆ. ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಇಂತಹ ಕಾರುಗಳ ಭಾಗಗಳನ್ನು ಮುಂಬಯಿಯ ಕುರ್ಲಾದಲ್ಲಿ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅಥವಾ ಹುಬ್ಬಳ್ಳಿಯ ಪರಿಚಿತರ ಮೂಲಕ ಹುಡುಕಿಸಬೇಕಾಗುತ್ತದೆ. ವಸ್ತುವೇನೋ ಅಗ್ಗದಲ್ಲಿ ದೊರೆಯುತ್ತದೆ. ಅದನ್ನು ಮನೆಗೆ ತರಿಸುವ ವೆಚ್ಚವೇ ವಸ್ತುವಿನ ಬೆಲೆಯನ್ನು ಮೀರುವುದುಂಟು. ಹಾಗಾಗದಂತೆ ಏನು ಮಾಡಬಹುದೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ತೂಕವಲ್ಲ, ಗಾತ್ರ

ಮೊದಲು ತಿಳಿಯಬೇಕಾದದ್ದು ಬಾಡಿಗೆಯ ಲೆಕ್ಕ. ಕೊರಿಯರ್ ಮತ್ತು ಪಾರ್ಸೆಲ್ ಸಂಸ್ಥೆಗಳು ವಸ್ತುವಿನ ನಿಜವಾದ ತೂಕ ಹಾಗೂ ಗಾತ್ರದ ತೂಕ ಎಂಬ ಎರಡನ್ನೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ಹಣ ಪಡೆಯುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವ ಕಿಲೋ ಲೆಕ್ಕವೇ ಗಾತ್ರದ ತೂಕ. ಭಾಜಕವು ಸಂಸ್ಥೆಯಿಂದ ಸಂಸ್ಥೆಗೆ ಸ್ವಲ್ಪ ಬೇರೆಯಾಗಬಹುದು. ಕೆಲವರು ಘನ ಅಡಿಯ ಲೆಕ್ಕ ಹಿಡಿಯುತ್ತಾರೆ. ತತ್ತ್ವ ಮಾತ್ರ ಒಂದೇ.

ಒಂದು ಬಂಪರನ್ನು ಕಟ್ಟಿದಾಗ 170 × 60 × 45 ಸೆಂಟಿಮೀಟರ್ ಆಯಿತೆಂದುಕೊಳ್ಳೋಣ. ಎತ್ತಿದರೆ ಐದಾರು ಕಿಲೋ. ಲೆಕ್ಕಕ್ಕೆ ಸುಮಾರು 92 ಕಿಲೋ! 125 × 110 × 25 ಸೆಂಟಿಮೀಟರಿನ ಕಟ್ಟಿನಲ್ಲಿರುವ ಬಾಗಿಲು 69 ಕಿಲೋ ಎನಿಸುತ್ತದೆ. ಅದೇ 35 ಕಿಲೋ ತೂಗುವ ಗೇರ್‌ಬಾಕ್ಸು 60 × 45 × 45 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಕುಳಿತರೆ ಅದರ ಗಾತ್ರದ ತೂಕ 24 ಕಿಲೋ ಮಾತ್ರ. ನಿಜವಾದ ತೂಕಕ್ಕೆ ಹಣ ಕೊಟ್ಟರೆ ಸಾಕು. ಇದರಿಂದ ಹೊರಡುವ ನಿಯಮ ಸರಳವಾದುದು: ಭಾರವಾಗಿ ಅಡಕವಾಗಿರುವುದನ್ನು ದೂರದಿಂದ ತರಿಸಬಹುದು, ಹಗುರವಾಗಿ ಟೊಳ್ಳಾಗಿರುವುದನ್ನು ಆದಷ್ಟು ಹತ್ತಿರದಲ್ಲೇ ಹುಡುಕಬೇಕು. ಬಾಗಿಲುಗಳನ್ನು ತರಿಸಲೇಬೇಕಾದರೆ ಎರಡನ್ನು ಒಂದರ ಮೇಲೊಂದು ಮಲಗಿಸಿ ಒಂದೇ ಕಟ್ಟು ಮಾಡಿಸಬೇಕು. ದಪ್ಪ 40 ಸೆಂಟಿಮೀಟರಿನೊಳಗೆ ನಿಂತರೆ 138 ಕಿಲೋ ಬದಲು 110 ಕಿಲೋಗೆ ಬಾಡಿಗೆ ತೆರಬೇಕಾಗುತ್ತದೆ. ಕನ್ನಡಿ, ಹಿಡಿಕೆ, ಕಿಟಕಿಯ ಗಾಜುಗಳನ್ನು ಬಿಚ್ಚಿಸಿದರೆ ಕಟ್ಟು ಇನ್ನೂ ತೆಳುವಾಗುತ್ತದೆ.

ಯಾವ ಮಾರ್ಗ ಯಾವುದಕ್ಕೆ?

ದೊಡ್ಡ ಭಾಗಗಳಿಗೆ ಲಾರಿ ಪಾರ್ಸೆಲ್ ಸೇವೆಯೇ ಸಾಮಾನ್ಯವಾಗಿ ಅನುಕೂಲಕರ. ಹಲವರ ಸರಕನ್ನು ಒಂದೇ ಲಾರಿಯಲ್ಲಿ ತುಂಬುವುದರಿಂದ ನಮ್ಮ ಪಾಲಿನ ಜಾಗಕ್ಕಷ್ಟೇ ನಾವು ಹಣ ತೆರುತ್ತೇವೆ. 1976ರಲ್ಲಿ ಗದಗಿನಲ್ಲಿ ಶ್ರೀ ವಿಜಯ ಸಂಕೇಶ್ವರ ಅವರು ಒಂದೇ ಲಾರಿಯಿಂದ ಆರಂಭಿಸಿ ಹುಬ್ಬಳ್ಳಿಯಲ್ಲಿ ಬೆಳೆಸಿದ ವಿ.ಆರ್.ಎಲ್. ಸಂಸ್ಥೆಯ ಮುಖ್ಯ ವ್ಯವಹಾರವೇ ಇದು. ಇಂಥ ಸೇವೆಯುಳ್ಳ ಸಂಸ್ಥೆಗಳು ಇನ್ನೂ ಹಲವಿವೆ. ಸಂಭಾಜಿನಗರದವರಿಗೆ ಒಂದು ವಿಶೇಷ ಅನುಕೂಲವುಂಟು: ರಾಷ್ಟ್ರೀಯ ಹೆದ್ದಾರಿ 52 ಇಲ್ಲಿಂದ ಬೀಡ, ಸೊಲ್ಲಾಪುರ, ವಿಜಯಪುರಗಳ ಮೂಲಕ ನೇರವಾಗಿ ಹುಬ್ಬಳ್ಳಿಯನ್ನು ಮುಟ್ಟುತ್ತದೆ. ನಾಶಿಕದ ಸರಕು ಸಾಧಾರಣವಾಗಿ ಪುಣೆ, ಕೊಲ್ಹಾಪುರ, ಬೆಳಗಾವಿಯ ದಾರಿ ಹಿಡಿಯುತ್ತದೆ. ಮನೆ ಬಾಗಿಲಿಗೆ ತಲುಪಿಸುವ ಬದಲು ಸಂಸ್ಥೆಯ ಗೋದಾಮಿನಿಂದ ನಾವೇ ಬಿಡಿಸಿಕೊಂಡು ಒಂದು ಟೆಂಪೋದಲ್ಲಿ ತಂದರೆ ಖರ್ಚು ಇಳಿಯಬಹುದು. ಬುಕಿಂಗ್ ಮಾಡುವಾಗ ಕಿಲೋ ದರವನ್ನಷ್ಟೇ ಕೇಳಬಾರದು. ಬಿಲ್ಟಿ ಶುಲ್ಕ, ಹಮಾಲಿ, ಗೋದಾಮಿನ ತಂಗುಶುಲ್ಕ, ತೆರಿಗೆ ಎಲ್ಲ ಸೇರಿ ಎಷ್ಟೆಂದು ಕೇಳಬೇಕು.

ರೈಲ್ವೆ ಪಾರ್ಸೆಲ್ ದೂರದ ಊರುಗಳಿಗೆ ಅಗ್ಗವಾಗಬಹುದು. ಬೆಂಗಳೂರು–ನವದೆಹಲಿ ಕರ್ನಾಟಕ ಎಕ್ಸ್‌ಪ್ರೆಸ್ ಈ ಎರಡೂ ನಗರಗಳನ್ನು ಮುಟ್ಟದೆ ಮನಮಾಡದ ಮೂಲಕ ಹಾದುಹೋಗುತ್ತದೆ. ಅಲ್ಲಿಂದ ನಾಶಿಕ ರೋಡ್ ಸುಮಾರು 75 ಕಿಲೋಮೀಟರ್, ಸಂಭಾಜಿನಗರ ಸುಮಾರು 110 ಕಿಲೋಮೀಟರ್. ಗಾಡಿ ನಿಲ್ಲುವ ಅಲ್ಪ ಸಮಯದಲ್ಲಿ ಅಂತಹ ಕಟ್ಟನ್ನು ಇಳಿಸಲು ಅವಕಾಶವುಂಟೇ ಎಂಬುದನ್ನು ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಮುಂದಿನ ಸಾಗಣೆಯ ಖರ್ಚನ್ನೂ ಕೂಡಿಸಿ ನೋಡಬೇಕು. ತಾವು ಪ್ರಯಾಣಿಸುವ ಗಾಡಿಯಲ್ಲೇ ಲಗೇಜಾಗಿ ಬುಕ್ ಮಾಡುವವರು ನೆನಪಿಡಬೇಕಾದ ನಿಯಮವೊಂದಿದೆ: 100 ಕಿಲೋ ತೂಕವನ್ನಾಗಲಿ, 1 ಮೀಟರ್ × 1 ಮೀಟರ್ × 0.7 ಮೀಟರ್ ಹೊರ ಅಳತೆಯನ್ನಾಗಲಿ ಮೀರಿದ ವಸ್ತುವನ್ನು ಭಾರೀ ಗಾತ್ರದ್ದೆಂದು ಎಣಿಸಿ ದುಪ್ಪಟ್ಟು ದರ ವಿಧಿಸುತ್ತಾರೆ.

ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರು, ದೀಪಗಳಂತಹ ಸಣ್ಣ ಭಾಗಗಳಿಗೆ ಅಂಚೆ ಇಲಾಖೆಯ ಸ್ಪೀಡ್ ಪೋಸ್ಟ್ ಉಂಟು. 35 ಕಿಲೋವರೆಗೆ ಸ್ವೀಕರಿಸುತ್ತಾರೆ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರ ಫೆಬ್ರುವರಿಯಲ್ಲಿ ‘ನಮ್ಮ ಕಾರ್ಗೋ’ ಎಂಬ ಸೇವೆಯನ್ನು ಆರಂಭಿಸಿತು. ಬಸ್ಸಿನ ಹೊಟ್ಟೆಯೊಳಗೆ ಹಿಡಿಸುವ ರೇಡಿಯೇಟರಿನಂತಹ ವಸ್ತುಗಳಿಗೆ, ಆ ಊರಿಗೆ ಸೇವೆಯಿದ್ದಲ್ಲಿ, ಅದನ್ನೂ ವಿಚಾರಿಸಬಹುದು. ನಾಲ್ಕಾರು ಮಂದಿ ಒಟ್ಟುಗೂಡಿ ಒಂದು ಸಣ್ಣ ಗಾಡಿಯ ತುಂಬ ಸಾಮಾನು ತರಿಸುವುದಾದರೆ, ಬೇರೆ ಬಾಡಿಗೆಗೆ ಹೋಗಿ ಖಾಲಿಯಾಗಿ ಮರಳುವ ವಾಹನವನ್ನು ಗೊತ್ತುಮಾಡುವುದು ಲಾಭದಾಯಕ.

ಹೊಣೆಯ ಪ್ರಶ್ನೆ

ಬಹುಮಂದಿ ಗಮನಿಸದೆ ನಷ್ಟಕ್ಕೀಡಾಗುವುದು ಇಲ್ಲಿಯೇ. 2007ರ ರಸ್ತೆ ಸರಕು ಸಾಗಣೆ ಕಾಯಿದೆ ಮತ್ತು ಅದರಡಿಯ 2011ರ ನಿಯಮಗಳ ಪ್ರಕಾರ, ನಾವು ಹೆಚ್ಚಿನ ಬೆಲೆಯನ್ನು ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ತೆರದಿದ್ದಲ್ಲಿ, ಸರಕು ನಷ್ಟವಾದಾಗ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ರೈಲ್ವೆಯಲ್ಲಿ ಬೆಲೆ ಘೋಷಿಸದ ಪಾರ್ಸೆಲಿಗೆ ಈ ಮಿತಿ ಕಿಲೋಗೆ 50 ರೂಪಾಯಿ.

ಲೆಕ್ಕ ಹಾಕಿ ನೋಡೋಣ. 150 ಕಿಲೋ ತೂಗುವ ಇಂಜಿನ್ನಿಗೆ 40,000 ರೂಪಾಯಿ ಕೊಟ್ಟಿದ್ದೀರಿ. ಲಾರಿ ಬಾಡಿಗೆ 1,800 ರೂಪಾಯಿ ಎಂದಿಟ್ಟುಕೊಳ್ಳಿ. ಅದು ದಾರಿಯಲ್ಲಿ ಕಳೆದುಹೋದರೆ ಲಾರಿಯವರಿಂದ ದೊರೆಯುವುದು ಹೆಚ್ಚೆಂದರೆ 18,000, ರೈಲ್ವೆಯಿಂದಾದರೆ 7,500. ಬೆಲೆಯನ್ನು ಘೋಷಿಸಲು ತೆರುವ ಹೆಚ್ಚುವರಿ ಮೊತ್ತ ಈ ಅಂತರದ ಮುಂದೆ ಅಲ್ಪವೇ ಸರಿ. ಕಾಸಿಗೆ ತಕ್ಕ ಕಜ್ಜಾಯವೆಂಬ ಮಾತು ಸಾಗಣೆಗೂ ಒಪ್ಪುತ್ತದೆ. ಹಾನಿಯಾದಲ್ಲಿ ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಾರಿ ಸಂಸ್ಥೆಗೆ, ರೈಲ್ವೆಯಾದರೆ ಆರು ತಿಂಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಕೇವಲ ದೂರವಾಣಿಯಲ್ಲಿ ದೂರಿದರೆ ಸಾಲದು.

ಬ್ಯಾಂಕಿನ ವ್ಯವಹಾರದಲ್ಲಿ ಲಾರಿ ರಸೀದಿಗೆ ವಿಶೇಷ ಬೆಲೆಯುಂಟು. ಅದರ ಆಧಾರದ ಮೇಲೆ ವರ್ತಕರ ಬಿಲ್ಲುಗಳಿಗೆ ಹಣ ಕೊಡುವ ಕಾರಣದಿಂದಲೇ ಭಾರತೀಯ ಬ್ಯಾಂಕುಗಳ ಸಂಘವು ಸಾಗಣೆ ಸಂಸ್ಥೆಗಳ ಶಿಫಾರಸು ಪಟ್ಟಿಯೊಂದನ್ನು ಇಟ್ಟಿದೆ. ಅಪರಿಚಿತ ಸಂಸ್ಥೆಯ ವಿಷಯದಲ್ಲಿ ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಬಿಲ್ಟಿಯಿಲ್ಲದೆ, ಚಾಲಕನ ಕೈಗೆ ಹಣವಿತ್ತು ಕಳುಹಿಸುವ ಸರಕಿಗೆ ಯಾರೂ ಹೊಣೆಗಾರರಲ್ಲ.

ಕಾಗದಪತ್ರ ಮತ್ತು ಕಟ್ಟುವಿಕೆ

ಮಾರುವವರಿಂದ ಬಿಲ್ಲು ಪಡೆಯಲೇಬೇಕು. ಕಳವಿನ ಮಾಲೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಅಪರಾಧ. ಇಂಜಿನ್ನಾದರೆ ಅದರ ಸಂಖ್ಯೆ ಬಿಲ್ಲಿನಲ್ಲಿರಬೇಕು. ಜೋಡಿಸಿದ ಮೇಲೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಬದಲಾವಣೆಯನ್ನು ನಮೂದಿಸಬೇಕು. ಸರಕಿನ ಬೆಲೆ 50,000 ರೂಪಾಯಿ ಮೀರಿ ರಾಜ್ಯದ ಗಡಿ ದಾಟುವಂತಿದ್ದರೆ, 2018ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ವೇ ಬಿಲ್ಲಿನ ಬಗ್ಗೆ ಸಾಗಣೆದಾರರನ್ನು ಕೇಳಬೇಕು.

ವಿಳಾಸದಲ್ಲಿಯೂ ಎಚ್ಚರಿಕೆ ಬೇಕು. ಔರಂಗಾಬಾದ್ ನಗರವು 2023ರಲ್ಲಿ ಛತ್ರಪತಿ ಸಂಭಾಜಿನಗರವಾಯಿತು. ರೈಲು ನಿಲ್ದಾಣದ ಹೆಸರು 2025ರಲ್ಲಿ ಬದಲಾಯಿತು. ಬಿಹಾರದಲ್ಲಿಯೂ ಒಂದು ಔರಂಗಾಬಾದ್ ಇರುವುದರಿಂದ ಹಳೆಯ ಹೆಸರನ್ನು ಮಾತ್ರ ಬರೆದರೆ ಸರಕು ದಾರಿ ತಪ್ಪೀತು. ಹೊಸ ಹೆಸರು, ರಾಜ್ಯದ ಹೆಸರು ಮತ್ತು ಪಿನ್ ಕೋಡು ಮೂರನ್ನೂ ಬರೆಯಿಸುವುದು ಕ್ಷೇಮ.

ಕಟ್ಟುವ ಮುನ್ನ ಇಂಜಿನ್, ಗೇರ್‌ಬಾಕ್ಸುಗಳ ಎಣ್ಣೆಯನ್ನೂ ಟ್ಯಾಂಕಿನ ಪೆಟ್ರೋಲನ್ನೂ ಪೂರ್ತಿಯಾಗಿ ಬಸಿದು, ರಂಧ್ರಗಳನ್ನು ಮುಚ್ಚಬೇಕು. ಭಾರದ ಭಾಗಗಳನ್ನು ಮರದ ಚೌಕಟ್ಟಿಗೆ ಬಿಗಿಯಬೇಕು. ಬಾಗಿಲಿನ ಅಂಚುಗಳಿಗೆ ದಪ್ಪ ರಟ್ಟನ್ನೂ ಹಳೆಯ ಕಂಬಳಿಯನ್ನೂ ಸುತ್ತಬೇಕು. ಬ್ಯಾಟರಿಯನ್ನೂ ಗಾಜನ್ನೂ ದೂರದಿಂದ ತರಿಸದಿರುವುದೇ ಲೇಸು. ಕಟ್ಟುವ ಮುಂಚೆ ಮತ್ತು ಕಟ್ಟಿದ ಮೇಲೆ ಛಾಯಾಚಿತ್ರ ತೆಗೆಸಿ ತರಿಸಿಕೊಳ್ಳಿ. ಸರಕು ಬಂದಾಗ ಹೊರಗಿನ ಪೆಟ್ಟನ್ನು ನೋಡದೆ ಸಹಿ ಮಾಡಬೇಡಿ. ಹಾನಿ ಕಂಡರೆ ರಸೀದಿಯ ಮೇಲೆಯೇ ಬರೆದು ಸಹಿ ಮಾಡಿ.

ಒಟ್ಟಿನಲ್ಲಿ, ಕೊಳ್ಳುವ ಮೊದಲೇ ಮಾರುವವರಿಂದ ಕಟ್ಟಿನ ಅಳತೆ ತರಿಸಿಕೊಂಡು, ಎರಡು ಮೂರು ಕಡೆ ಪೂರ್ತಿ ದರ ವಿಚಾರಿಸಿ, ವಸ್ತುವಿನ ಬೆಲೆಗೆ ಸಾಗಣೆಯ ಖರ್ಚನ್ನೂ ಬೆಲೆ ಘೋಷಣೆಯ ಮೊತ್ತವನ್ನೂ ಕೂಡಿಸಿ ನೋಡಬೇಕು. ಆ ಮೊತ್ತ ಸ್ಥಳೀಯ ಬೆಲೆಗಿಂತ ಕಡಿಮೆಯಿದ್ದರೆ ಮಾತ್ರ ದೂರದ ವ್ಯವಹಾರಕ್ಕೆ ಕೈಹಾಕಬೇಕು. ಮನೆಯ ಹಿರಿಯರಂತೆ ಜೊತೆಗಿದ್ದ ಕಾರು ಇನ್ನಷ್ಟು ವರ್ಷ ಓಡಲಿ ಎಂಬ ಆಸೆ ಸಹಜವಾದುದು. ಅದಕ್ಕೆ ಅಳತೆಯ ಪಟ್ಟಿಯೂ ಒಂದು ಬಿಲ್ಟಿಯೂ ಜೊತೆಗಿದ್ದರೆ ಆ ಆಸೆ ದುಬಾರಿಯಾಗದು.