ಸರ್ಜರಿ ಸೀಟಿಗೆ ಸಂಶೋಧನಾ ಲೇಖನ ಬೇಕೇ?

ಕಮಲಾಪುರದಿಂದ ಕಲಬುರಗಿಗೆ ಹೋಗಿ ಎಂಬಿಬಿಎಸ್ ಓದುತ್ತಿರುವ ಮಗಳು, ‘ಅಬ್ಬಾ, ಹಣ ಕೊಟ್ಟರೆ ಜರ್ನಲ್ ಲೇಖನದಲ್ಲಿ ನನ್ನ ಹೆಸರೂ ಸೇರಿಸುತ್ತಾರಂತೆ’ ಎಂದರೆ ಕೊಡಬೇಡಿ. ನಮ್ಮಲ್ಲಿ ಎಂಎಸ್ ಸರ್ಜರಿ ಸೀಟು ಸಿಗುವುದು ನೀಟ್-ಪಿಜಿ ರ‍್ಯಾಂಕಿನ ಮೇಲೆ. 200 ಪ್ರಶ್ನೆ, 800 ಅಂಕ. ಲೇಖನಕ್ಕೆ ಒಂದಂಕವೂ ಇಲ್ಲ.

ಅಮೆರಿಕದ ಮಾತು ಬೇರೆ. ಅಲ್ಲಿನ ವೈದ್ಯ ಪರೀಕ್ಷೆ ಯುಎಸ್‌ಎಂಎಲ್‌ಇಯ ಮೊದಲ ಹಂತದಲ್ಲಿ 2022ರಿಂದ ಅಂಕವಿಲ್ಲ, ಪಾಸು ಇಲ್ಲವೇ ಫೇಲು. ಹೀಗಾಗಿ ಪೈಪೋಟಿಯ ನರ, ಪ್ಲಾಸ್ಟಿಕ್ ಸರ್ಜರಿ ಸೀಟುಗಳಿಗೆ ಸಂಶೋಧನೆಯ ತೂಕ ಹೆಚ್ಚಿದೆ. ಸಂದರ್ಶನದಲ್ಲಿ ಲೇಖನದ ಬಗ್ಗೆಯೇ ಕೇಳಿಯಾರು. ಹಣ ಕೊಟ್ಟು ಹೆಸರು ಹಾಕಿಸಿದವರು ಏನು ಹೇಳುತ್ತಾರೆ?

ಮಗಳಿಗೆ ನಿಜಕ್ಕೂ ಆಸಕ್ತಿಯಿದ್ದರೆ ಐಸಿಎಂಆರ್‌ನ ಎಸ್‌ಟಿಎಸ್ ಯೋಜನೆ 1979ರಿಂದ ಇದೆ. ಅಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಅಧ್ಯಯನ. ವರದಿ ಒಪ್ಪಿತವಾದರೆ ಸ್ಟೈಪೆಂಡ್ ಅವಳಿಗೇ ಬರುತ್ತದೆ. ಆಪರೇಷನ್ ಗಾಯ ಎಷ್ಟು ಮಂದಿಗೆ ಕೀವಾಗುತ್ತದೆ ಎಂಬಂಥ ವಿಷಯ ವಾರ್ಡಿನಲ್ಲೇ ಸಿಗುತ್ತದೆ. ಎಥಿಕ್ಸ್ ಕಮಿಟಿಯ ಅನುಮತಿಯನ್ನು ಮೊದಲೇ ಕೇಳಲು ಹೇಳಿ.